ವಂಶಾವಳಿಯ ಉಚಿತ ಜಾಲಭಂಡಾರಗಳು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆ

ಒಂದು ಮನೆತನದ ಮೂಲಪುರುಷನಿಂದ ಮೊದಲ್ಗೊಂಡು ಇಂದಿನ ಪೀಳಿಗೆಯವರೆಗಿನ ಸ್ತ್ರೀಪುರುಷರ ಹೆಸರು, ಸಂಬಂಧ, ಸ್ಥಾನಾಂತರ, ವೃತ್ತಿ ಮತ್ತು ಮನೆದೇವರುಗಳ ಕ್ರಮಬದ್ಧ ನಿರೂಪಣೆಗೆ ವಂಶಾವಳಿಯೆಂದು ಹೆಸರು. ಇಂತಹ ನಿರೂಪಣೆಗೆ ಬೇಕಾದ ಸಾಮಗ್ರಿಯನ್ನು, ಯಾವ ಶುಲ್ಕವನ್ನೂ ಬಯಸದೆ, ಬಹುಮಟ್ಟಿಗೆ ಸ್ವಯಂಸೇವಕರ ಶ್ರಮದಿಂದಲೇ ಅಂತರ್ಜಾಲದಲ್ಲಿ ಕೂಡಿಹಾಕಿ ಸರ್ವರಿಗೂ ತೆರೆದಿಡುವ ಭಂಡಾರಗಳು ಕಳೆದ ಮೂರು ದಶಕಗಳಲ್ಲಿ ಹಲವು ಹುಟ್ಟಿಕೊಂಡಿವೆ. ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಡದಲ್ಲಿ ಹಬ್ಬಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಪೂರ್ವಜರನ್ನು ಅರಸುವವನಿಗೆ ಈ ಭಂಡಾರಗಳು ಎಷ್ಟರಮಟ್ಟಿಗೆ ನೆರವಾಗುವವೆಂಬುದನ್ನು ತಿಳಿಯಬೇಕಾದರೆ, ಮೊದಲು ಜಾಲವನ್ನು ಬದಿಗಿರಿಸಿ ಮನೆಯ ಹೊಸ್ತಿಲಿಗೆ ಬರಬೇಕು. ಏಕೆಂದರೆ ಈ ನಾಡಿನಲ್ಲಿ ವಂಶಾವಳಿಯನ್ನು ಬರೆದಿಟ್ಟವರು ಸರ್ಕಾರದ ಕಾರಕೂನರಿಗಿಂತ ಮೊದಲು ಹೆಳವರು.

ಹೆಳವನೆಂದರೆ ಕಾಲಿಲ್ಲದವನು ಎಂಬುದು ಶಬ್ದಾರ್ಥ. ತಮ್ಮ ಮೂಲಪುರುಷನು ಕಾಲಿಲ್ಲದವನಾಗಿದ್ದನೆಂದೂ, ನಡೆಯಲಾರದ ಅವನಿಗೆ ಬಸವಣ್ಣನವರು ಏರಿ ತಿರುಗಲು ಎತ್ತನ್ನು ದಯಪಾಲಿಸಿ, ಒಕ್ಕಲುಗಳ ಕುಲವನ್ನು ಹೇಳಿಕೊಂಡು ಬಾಳುವ ಕಾಯಕವನ್ನು ಒಪ್ಪಿಸಿದರೆಂದೂ ಆ ಜನ ನಂಬಿ ಹೇಳಿಕೊಂಡು ಬಂದಿದ್ದಾರೆ. ಲಿಂಗಾಯತ, ರಡ್ಡಿ, ಕುರುಬ ಮೊದಲಾದ ಒಕ್ಕಲು ಮನೆತನಗಳು ಹೆಳವರಲ್ಲಿ ಹಂಚಿಹೋಗಿರುತ್ತವೆ; ಒಂದು ಮನೆತನಕ್ಕೆ ಒಬ್ಬ ಹೆಳವ, ಅವನ ಮಗನಿಗೆ ಆ ಮನೆತನದ ಮಕ್ಕಳು, ಹೀಗೆ ಎರಡು ವಂಶಗಳು ಜೊತೆಜೊತೆಯಾಗಿ ಬೆಳೆಯುತ್ತವೆ. ಸುಗ್ಗಿ ಮುಗಿದ ಮೇಲೆ ಕೊರಳಗಂಟೆಯ ಎತ್ತಿನ ಮೇಲೆ ಬಂದು, “ಗೌಡ್ರ, ನಿಮ್ಮ ಮನಿ ಹೆಳವ ಬಂದೇನ್ರೀ” ಎಂದು ಅಂಗಳದಲ್ಲಿ ನಿಂತವನನ್ನು ಮನೆಯ ಹಿರಿಯಳು “ಬರ್ರಿ ಹೆಳವಪ್ಪಾ, ಕಟ್ಟಿ ಮ್ಯಾಲ ಕೂಡ್ರಿ” ಎಂದು ಕರೆದು, ಚರಿಗೆಯಲ್ಲಿ ನೀರು ಕೊಟ್ಟು, ಮೊರದಲ್ಲಿ ಜೋಳ ತಂದಿರಿಸುವಳು. ಅವನು ಬಟ್ಟೆಯ ಗಂಟನ್ನು ಬಿಚ್ಚಿ, ಅಂಚು ಸವೆದ ಉದ್ದನೆಯ ಪುಸ್ತಕವನ್ನು ತೊಡೆಯ ಮೇಲೆ ಹಾಸಿಕೊಂಡು, ಮೂಲಪುರುಷನು ಯಾವ ಊರಿನಿಂದ ಯಾವ ಬರಗಾಲದಲ್ಲಿ ಎದ್ದು ಬಂದನು, ಕುಲದೊಳಗಿನ ಕವಲಾದ ಬೆಡಗು ಯಾವುದು, ಮನೆದೇವರು ಯಾವುದು, ಎಷ್ಟು ಮಂದಿ ಅಣ್ಣತಮ್ಮಂದಿರು ಬೇರೆಯಾದರು, ಯಾರು ದತ್ತಕ ಹೋದರು, ಯಾರು ಮನೆಅಳಿಯನಾಗಿ ಬೇರೆ ಊರಿನಲ್ಲಿ ನಿಂತರು ಎಂಬುದನ್ನು ರಾಗವಾಗಿ ಹೇಳುತ್ತಾ ಹೋಗುವನು. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಆಗಲೇ ಕೇಳಿ ಬರೆದುಕೊಳ್ಳುವನು. ಕೊಟ್ಟ ಕಾಳು, ಬಟ್ಟೆ, ಹಣ, ಕೆಲವೊಮ್ಮೆ ಆಕಳು, ಈ ದಾಖಲೆಗೆ ಸಲ್ಲುವ ಕಾಣಿಕೆ.

ಹೆಳವರ ಹಳೆಯ ಬರವಣಿಗೆಗಳು ತಾಳೆಗರಿ ಮತ್ತು ತಾಮ್ರದ ತಗಡಿನಲ್ಲಿಯೂ ಇದ್ದವೆಂದು ಅವರು ಹೇಳುವರು; ಈಗ ಉಳಿದಿರುವುದರಲ್ಲಿ ಬಹುಭಾಗ ಕಾಗದದ ಪುಸ್ತಕಗಳು. ಪುಸ್ತಕ ಜೀರ್ಣವಾದಂತೆ ಹೊಸ ಪುಸ್ತಕಕ್ಕೆ ನಕಲಿಳಿಸುವುದು ರೂಢಿಯಾದುದರಿಂದ, ಒಂದು ಪುಟದ ವಯಸ್ಸು ಅದರಲ್ಲಿರುವ ಹೆಸರುಗಳ ವಯಸ್ಸಿಗಿಂತ ಕಿರಿದಾಗಿರುವುದು ಸಹಜ. ನಕಲಿನಲ್ಲಿ ಒಂದು ಪೀಳಿಗೆ ತಪ್ಪಿಹೋಗಬಹುದು, ಎರಡು ಕವಲು ಒಂದಾಗಬಹುದು. ಆದರೂ ಮೂರು ನಾಲ್ಕು ತಲೆಮಾರಿನ ಹಿಂದಿನ ಭಾಗವನ್ನು ಕಂದಾಯದ ಕಾಗದದೊಡನೆ ಹೋಲಿಸಿ ನೋಡಿದರೆ, ಸಾಮಾನ್ಯ ರೈತನ ಕುಲದ ಬಗ್ಗೆ ಇಷ್ಟು ಸಂಗತಿಯನ್ನು ಒಂದೇ ಕಡೆ ಕೊಡಬಲ್ಲ ಇನ್ನೊಂದು ಆಧಾರ ಈ ಐದು ತಾಲೂಕುಗಳಲ್ಲಿ ಇಲ್ಲವೆಂದೇ ಹೇಳಬೇಕು.

ಈ ಪುಸ್ತಕಗಳು ಅಂತರ್ಜಾಲದ ಉಚಿತ ಭಂಡಾರಕ್ಕೆ ಸೇರಿದ್ದು ಫ್ಯಾಮಿಲಿಸರ್ಚ್ ಸಂಸ್ಥೆಯ ಮೂಲಕ. ಅಮೆರಿಕದ ಯೂಟಾ ಪ್ರಾಂತದ ಸಾಲ್ಟ್ ಲೇಕ್ ನಗರದಲ್ಲಿ 1894ರಲ್ಲಿ ಮಾರ್ಮನ್ ಚರ್ಚಿನ ಆಶ್ರಯದಲ್ಲಿ ಆರಂಭವಾದ ವಂಶಾವಳಿ ಸಂಘವೇ ಈ ಸಂಸ್ಥೆಯ ಮೂಲ; ಅದು 1938ರಿಂದ ಲೋಕದ ನಾನಾ ದೇಶಗಳ ದಾಖಲೆಗಳನ್ನು ಸೂಕ್ಷ್ಮಫಿಲ್ಮಿಗೆ ಇಳಿಸತೊಡಗಿತು. ಭಾರತದಲ್ಲಿ 1977ರಿಂದ ಮೊದಲ್ಗೊಂಡು ಹರಿದ್ವಾರದ ತೀರ್ಥಪುರೋಹಿತರಾದ ಪಂಡಾಗಳ ಬಹಿಗಳನ್ನು, ಅಂದರೆ ಯಾತ್ರಿಕರ ವಂಶಾವಳಿಯ ಪುಸ್ತಕಗಳನ್ನು, ಹೀಗೆ ಚಿತ್ರೀಕರಿಸಿತು. 1999ರಲ್ಲಿ ಅದರ ಜಾಲತಾಣ ತೆರೆಯಿತು. ಹರಿದ್ವಾರದ ಪಂಡಾ ಮತ್ತು ನಮ್ಮ ಹೆಳವ ಇಬ್ಬರದೂ ಒಂದೇ ಬಗೆಯ ಕೆಲಸ, ಆದರೆ ಒಂದು ಭೇದವುಂಟು: ಪಂಡಾ ತೀರ್ಥದಲ್ಲಿ ಕುಳಿತಿರುವನು, ಯಾತ್ರಿಕ ಅವನಲ್ಲಿಗೆ ಹೋಗುವನು, ಹೆಳವನಾದರೋ ತಾನೇ ಒಕ್ಕಲಿನ ಬಾಗಿಲಿಗೆ ಬರುವನು. ಈ ಕಾರಣದಿಂದ ಹೆಳವರ ದಾಖಲೆ ಒಂದು ಕಟ್ಟಡದಲ್ಲಿ ಎಂದೂ ಕೂಡಿರಲಿಲ್ಲ. ಮನೆಮನೆಯಲ್ಲಿ ಚದುರಿದ್ದ ಪುಸ್ತಕಗಳನ್ನು ಅವುಗಳ ಒಡೆಯರ ಸಮ್ಮುಖದಲ್ಲಿಯೇ ಪುಟಪುಟವಾಗಿ ಚಿತ್ರ ತೆಗೆದು ಜಾಲಕ್ಕೆ ಏರಿಸಬೇಕಾಯಿತು. ಖಾತೆ ತೆರೆದ ಯಾರಾದರೂ ಹಣವಿಲ್ಲದೆ ಈ ಭಂಡಾರವನ್ನು ಬಳಸಬಹುದು. ಚಿತ್ರದಲ್ಲಿರುವ ಹೆಸರುಗಳನ್ನು ಓದಿ ಸೂಚಿಗೆ ಸೇರಿಸುವ ಕೆಲಸ ಲೋಕದಾದ್ಯಂತ ಸ್ವಯಂಸೇವಕರದು. ಕೈಬರಹದ ಕನ್ನಡವನ್ನು, ಅದರಲ್ಲಿಯೂ ಈ ಸೀಮೆಯ ಅಡ್ಡಹೆಸರು, ಊರಹೆಸರುಗಳನ್ನು ತಪ್ಪಿಲ್ಲದೆ ಓದುವವನು ಈ ಸೀಮೆಯವನೇ ಆಗಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಸ್ಥೆಯ ಹಿಂದಿರುವ ಧಾರ್ಮಿಕ ಉದ್ದೇಶವನ್ನು ಓದುಗನು ತಿಳಿದಿರುವುದು ಒಳ್ಳೆಯದು. ಗತಿಸಿದ ಪೂರ್ವಜರ ಪರವಾಗಿ ಬದುಕಿರುವವರು ದೀಕ್ಷಾಸಂಸ್ಕಾರ ಪಡೆಯಬಹುದೆಂಬುದು ಮಾರ್ಮನ್ನರ ನಂಬಿಕೆ; ಅವರ ವಂಶಾವಳಿ ಕಾರ್ಯದ ಮೂಲಪ್ರೇರಣೆ ಅದೇ. ಯೆಹೂದ್ಯರು ಇದನ್ನು ಆಕ್ಷೇಪಿಸಿದುದರ ಫಲವಾಗಿ 1995ರಲ್ಲಿ ಒಂದು ಒಪ್ಪಂದವಾಯಿತು. ದಾಖಲೆಯ ಬಳಕೆ ಬೇರೆ, ನಂಬಿಕೆ ಬೇರೆ ಎಂದು ಬಗೆದು ಬಹಳ ಮಂದಿ ಈ ಭಂಡಾರವನ್ನು ನಿಸ್ಸಂಕೋಚವಾಗಿ ಬಳಸುವರು. ಆದರೆ ಹೆಳವನಿಗೂ ಒಕ್ಕಲಿಗೂ ಈ ಸಂಗತಿ ಮೊದಲೇ ತಿಳಿದಿರತಕ್ಕದ್ದೆಂಬುದು ಈ ಲೇಖಕನ ಅಭಿಪ್ರಾಯ. ಕುಲದ ಹೆಸರುಗಳೇ ಹೆಳವನ ಆಸ್ತಿ. ಅದನ್ನು ಲೋಕಕ್ಕೆ ತೆರೆದಿಟ್ಟವನ ಮಗನಿಗೆ ನಾಳೆ ಕಾಳು ಅಳೆಯುವವರು ಯಾರು ಎಂಬ ಪ್ರಶ್ನೆಯೂ ಅಲ್ಲಿಯೇ ಅಡಗಿದೆ.

ಹೆಳವರ ಪುಸ್ತಕದಿಂದ ಸರ್ಕಾರದ ಕಾಗದಕ್ಕೆ ಬಂದರೆ ಬೇರೊಂದು ತೊಡಕು ಎದುರಾಗುವುದು. ಇಂದು ಒಂದೇ ಜಿಲ್ಲೆಯ ನೆರೆಹೊರೆಗಳಾಗಿರುವ ಈ ಐದು ತಾಲೂಕುಗಳು ಹಿಂದೆ ಒಂದೇ ಆಳ್ವಿಕೆಯಲ್ಲಿರಲಿಲ್ಲ. ಚಿಕ್ಕೋಡಿಯನ್ನು ಮನೋಳಿಯೊಡನೆ ಕೊಲ್ಲಾಪುರದ ಅರಸನಿಂದ ಕಂಪನಿ ಸರ್ಕಾರ 1827ರಲ್ಲಿ ಮರಳಿ ಪಡೆಯಿತು. ನಿಪ್ಪಾಣಿಯಲ್ಲಿ ನಿಂಬಾಳಕರ ದೇಸಾಯಿ ಮನೆತನ ಆಳುತ್ತಿತ್ತು. ಅವರ ಕೈಯಲ್ಲಿದ್ದ ಅಥಣಿ, ಒಡೆಯನಿಗೆ ಔರಸ ಸಂತಾನವಿಲ್ಲದೆ ಹೋದುದರಿಂದ 1839ರಲ್ಲಿ ಇಂಗ್ಲಿಷರ ಪಾಲಾಯಿತು. ರಾಯಬಾಗ ಪಟ್ಟಣ ಕೊಲ್ಲಾಪುರ ಸಂಸ್ಥಾನದಲ್ಲಿ, ಆ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಉಳಿಯಿತು. ಕಾಗವಾಡದ ಆಸುಪಾಸಿನ ಕೆಲವು ಊರುಗಳು ಪಟವರ್ಧನ ಸಂಸ್ಥಾನಿಕರ ಆಳ್ವಿಕೆಯನ್ನು ಕಂಡವು. ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದುದು 1836ರಲ್ಲಿ. ಅದಕ್ಕೆ ಮೊದಲಿನ ಕಾಗದ ಧಾರವಾಡದ ಹೆಸರಿನಲ್ಲಿರುತ್ತದೆ. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ನಿಪ್ಪಾಣಿ, ಕಾಗವಾಡಗಳು ತಾಲೂಕುಗಳಾದುದು ತೀರ ಈಚೆಗೆ. ಆದುದರಿಂದ ಮುತ್ತಜ್ಜನ ನಿಪ್ಪಾಣಿಯನ್ನು ಚಿಕ್ಕೋಡಿಯ ಕಡತದಲ್ಲಿಯೂ, ಕಾಗವಾಡವನ್ನು ಅಥಣಿಯ ಕಡತದಲ್ಲಿಯೂ ಹುಡುಕಬೇಕು. ಇದರ ಪರಿಣಾಮವಾಗಿ ಒಂದೇ ಮನೆತನದ ಕಾಗದ ಬೆಳಗಾವಿ, ಕೊಲ್ಲಾಪುರ, ಪುಣೆ, ಮುಂಬಯಿಗಳಲ್ಲಿ ಹರಿದು ಹಂಚಿಹೋಗಿದೆ. ಪುಣೆಯ ಪೇಶವೆ ದಫ್ತರದಲ್ಲಿರುವ ಇನಾಮು ಕಾಗದಗಳು ವಿಶೇಷ ಮಹತ್ತ್ವದವು: 1852ರ ಕಾಯಿದೆಯಂತೆ ಇನಾಮು ಆಯೋಗ ದಕ್ಷಿಣ ಮರಾಠಾ ಸೀಮೆಯ ಇನಾಮುದಾರರ ಹಕ್ಕುಗಳನ್ನು ಶೋಧಿಸತೊಡಗಿದಾಗ, ಭೂಮಿ ಉಳಿಯಬೇಕಾದರೆ ಮೂಲ ಸನದು ಪಡೆದವನಿಂದ ತನ್ನವರೆಗಿನ ವಂಶವನ್ನು ರುಜುವಾತುಪಡಿಸುವುದು ಅನಿವಾರ್ಯವಾಯಿತು, ಕಾಯಿದೆಯ ಭಯ ವಂಶವೃಕ್ಷವನ್ನು ಬರೆಯಿಸಿತು.

ಇದೆಲ್ಲದರ ಮೇಲೆ ಲಿಪಿಯ ತೊಡಕು. ಈ ಸೀಮೆಯ ಹಳೆಯ ದಫ್ತರ ಬಹುಪಾಲು ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿದೆ; ಲೇಖನಿಯನ್ನು ಎತ್ತದೆ ಸಾಲುದ್ದಕ್ಕೂ ಎಳೆದುಕೊಂಡು ಹೋಗುವ ಆ ಬರಹವನ್ನು ಓದಬಲ್ಲವರು ಇಂದು ವಿರಳ. ಮೋಡಿಗೆ 2014ರಲ್ಲಿ ಯೂನಿಕೋಡಿನಲ್ಲಿ ಸ್ಥಾನ ದೊರೆತ ಬಳಿಕ ಅದನ್ನು ಗಣಕದಲ್ಲಿ ಬರೆಯುವುದು ಸಾಧ್ಯವಾಯಿತು. ಓದುವ ಕಣ್ಣನ್ನು ಮಾತ್ರ ಮನುಷ್ಯನೇ ಸಂಪಾದಿಸಬೇಕು. ಕಾಲಗಣನೆಯೂ ಒಂದೇ ಬಗೆಯದಲ್ಲ. ಶಕವರ್ಷಕ್ಕೆ 78ನ್ನೂ, ದಖ್ಖನದ ಫಸಲಿಗೆ 590ನ್ನೂ, ಸುಹೂರ ಸನಕ್ಕೆ 599 ಅಥವಾ 600ನ್ನೂ ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತವರ್ಷ ಬರುವುದು. ಸುಹೂರ ಸನವನ್ನು ಅರಬ್ಬಿ ಸಂಖ್ಯಾಶಬ್ದಗಳಲ್ಲಿ ಬರೆಯುತ್ತಿದ್ದುದರಿಂದ ಅನಭ್ಯಸ್ತನು ಅದನ್ನು ವ್ಯಕ್ತಿಯ ಹೆಸರೆಂದೇ ಭ್ರಮಿಸುವುದುಂಟು.

ಮುಂಬಯಿ ಸರ್ಕಾರ 1903ರಲ್ಲಿ ಹಕ್ಕುದಾಖಲೆಯ ಕಾಯಿದೆ ತಂದ ಮೇಲೆ ಹಳ್ಳಿಯ ದಫ್ತರದಲ್ಲಿ ಸೇರುತ್ತ ಬಂದ ವಾರಸಾ ನೋಂದಣಿಗಳು ವಂಶಾನ್ವೇಷಕನಿಗೆ ನಿಜವಾದ ನಿಧಿ. ಭೂಮಿಯ ಒಡೆಯ ತೀರಿಕೊಂಡಾಗ ತಲಾಠಿ, ಅಂದರೆ ಊರಿನ ಲೆಕ್ಕಿಗ, ಬರೆದ ಒಂದೇ ಒಂದು ವರ್ದಿಯನ್ನು ಬಿಡಿಸಿ ನೋಡಿದರೆ ಸಾಕು: ಮೃತನ ಹೆಸರು, ‘ಬಿನ್’ ಎಂಬುದರ ಮುಂದೆ ಅವನ ತಂದೆಯ ಹೆಸರು, ‘ಉರ್ಫ್’ ಎಂದು ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಸತ್ತ ದಿನ, ಅದರ ಕೆಳಗೆ ವಾರಸುದಾರರ ಸಾಲು, ಹಿರಿಯ ಮಗ, ನಡುವಿನ ಮಗ, ಕಿರಿಯವನ ಹೆಸರಿನ ಮುಂದೆ ‘ಅ.ಪಾ.ಕ.’ ಎಂಬ ಮೂರಕ್ಷರ, ಅಂದರೆ ಅವನಿನ್ನೂ ಅಜ್ಞಾನಬಾಲಕ, ಅವನ ಪಾಲನಕರ್ತೆ ತಾಯಿ. ಆ ತಾಯಿಯ ಹೆಸರಿನ ಮುಂದೆ ‘ಕೋಂ’ ಅಥವಾ ‘ಭ್ರತಾರ’ ಎಂದು ಗಂಡನ ಹೆಸರು. ಕೊನೆಗೆ ಪಂಚರ ಸಹಿ, ಸಹಿ ಬಾರದವರ ಹೆಬ್ಬೆಟ್ಟು. ಇಷ್ಟು ಚಿಕ್ಕ ಕಾಗದದಲ್ಲಿ ಒಂದು ಮನೆಯ ಸಾವು, ವಿಧವೆಯ ಹೊರೆ, ಮಕ್ಕಳ ವಯಸ್ಸಿನ ಅಂತರ ಎಲ್ಲವೂ ಅಡಗಿರುವವು. ಕರ್ನಾಟಕ ಸರ್ಕಾರ 2000ದ ಸುಮಾರಿಗೆ ಭೂಮಿ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಈ ಕಡೆಯವರು ಉತಾರ ಎನ್ನುವ ಆ ಪತ್ರವನ್ನು ಈಗ ಮನೆಯಲ್ಲಿ ಕುಳಿತು ನೋಡಬಹುದು. ಆದರೆ ಅದು ಇಂದಿನ ಒಡೆತನದ ಚಿತ್ರ. ಹಳೆಯ ಕೈಬರಹದ ಕಡತಗಳನ್ನು ತಾಲೂಕು ದಾಖಲೆಕೋಣೆಗಳಿಂದ ತೆಗೆದು ಚಿತ್ರೀಕರಿಸುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಆರಂಭವಾಗಿದ್ದು, ವಂಶಾನ್ವೇಷಕನು ಆಸೆಯಿಂದ ನೋಡಬೇಕಾದುದು ಇದನ್ನು.

ಉತಾರದಲ್ಲಿ ಹೆಸರಿಲ್ಲದವರ ಪೂರ್ವಜರನ್ನು ಎಲ್ಲಿ ಹುಡುಕಬೇಕು? ಈ ಪ್ರಶ್ನೆಯನ್ನು ವಂಶಾವಳಿಯ ಗ್ರಂಥಗಳು ಬಹುಕಾಲ ಕೇಳಲೇ ಇಲ್ಲ. ಗೌಡ, ದೇಸಾಯಿ, ಕುಲಕರ್ಣಿಗಳ ಕುಲವನ್ನು ವತನದ, ಅಂದರೆ ವಂಶಪಾರಂಪರ್ಯ ಹುದ್ದೆಯ, ಹಿರಿಮೆ ಕಾಪಾಡಿತು. ಊರ ಚಾಕರಿ ಮಾಡುತ್ತಿದ್ದ ದಲಿತ ಮನೆತನಗಳಿಗೆ ಸಾಮಾನ್ಯವಾಗಿ ಹೆಳವ ಬರುತ್ತಿರಲಿಲ್ಲ, ತೀರ್ಥದ ಬಹಿಯೂ ಇರುತ್ತಿರಲಿಲ್ಲ. ಆದರೆ ಮುಂಬಯಿ ಸರ್ಕಾರದ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಕೆಳಹಂತದ ಊರ ಸೇವಕರನ್ನೂ ಒಳಗೊಂಡುದರಿಂದ, ಅದರ ವತನ ಪುಸ್ತಕಗಳಲ್ಲಿ ಮಹಾರ ಮೊದಲಾದ ಮನೆತನಗಳ ಹೆಸರುಗಳು ದೊರೆಯುವವು. ಈ ಚಾಕರಿ ದುಡಿಮೆಗೆ ತಕ್ಕ ಕೂಲಿಯಿಲ್ಲದ ದಾಸ್ಯವೆಂದು ಡಾ. ಅಂಬೇಡ್ಕರರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ತಿದ್ದುಪಡಿಗಾಗಿ ಮಸೂದೆ ತಂದದ್ದು ಇದೇ ಕಾಯಿದೆಗೆ. ಅದಕ್ಕೆ ಮೂರು ವರ್ಷ ಮೊದಲು, 1925ರಲ್ಲಿ, ಅವರು ಬಹಿಷ್ಕೃತ ವರ್ಗಗಳ ಪರಿಷತ್ತಿಗಾಗಿ ನಿಪ್ಪಾಣಿಗೆ ಬಂದಿದ್ದರು. ಕೊಲ್ಲಾಪುರದ ಶಾಹೂ ಮಹಾರಾಜರು 1918ರಲ್ಲಿ ಕುಲಕರ್ಣಿ ವತನವನ್ನು ರದ್ದುಗೊಳಿಸಿ ಸಂಬಳದ ತಲಾಠಿಗಳನ್ನು ನೇಮಿಸಿದುದರಿಂದ, ರಾಯಬಾಗದ ಲೆಕ್ಕಪತ್ರಗಳ ಕೈಬರಹವೂ ಆ ಹೊತ್ತಿಗೆ ಬದಲಾದುದನ್ನು ನಿರೀಕ್ಷಿಸಬೇಕು. ಶಾಲೆಯ ದಾಖಲಾತಿ ಪುಸ್ತಕಗಳು ಇನ್ನೊಂದು ದೊಡ್ಡ ಆಧಾರ. ಅಲ್ಲಿ ಜಮೀನಿಲ್ಲದವನ ಮಗನೂ ತಂದೆಯ ಹೆಸರು, ಜಾತಿ, ಹುಟ್ಟಿದ ದಿನಗಳೊಡನೆ ಒಂದು ಸಾಲನ್ನು ಪಡೆದಿರುವನು.

ಪರದೇಶದ ಸ್ವಯಂಸೇವಾ ಭಂಡಾರಗಳಲ್ಲಿ ಈ ಸೀಮೆಗೆ ಎಟಕುವವು ಕೆಲವು. ಅಮೆರಿಕದ ಕೆಂಟಕಿಯಲ್ಲಿ 1996ರಲ್ಲಿ ಆರಂಭವಾದ ಜೆನ್‌ವೆಬ್ ಚಳವಳಿಯ ನಿಯಮ ಸರಳ: ಒಂದು ಜಿಲ್ಲೆಯನ್ನು ಒಬ್ಬ ಸ್ವಯಂಸೇವಕ ದತ್ತು ತೆಗೆದುಕೊಂಡು, ಅಲ್ಲಿಯ ದಾಖಲೆಗಳ ಪಟ್ಟಿ, ಊರುಗಳ ಹೆಸರು, ನಕಾಶೆ, ಹುಡುಕುವವರ ಪ್ರಶ್ನೆಗಳನ್ನು ಒಂದೆಡೆ ಇಡುವನು. ಅದೇ ವರ್ಷ ವಿಶ್ವದ ಇತರ ದೇಶಗಳಿಗೂ ಈ ಕ್ರಮ ವಿಸ್ತರಿಸಿತು, ಭಾರತಕ್ಕೂ ಒಂದು ವಿಭಾಗವಾಯಿತು. ಈ ಕ್ರಮ ನಮ್ಮಲ್ಲಿ ಬೇರೂರದೆ ಹೋದುದು ಖೇದದ ಸಂಗತಿ, ಏಕೆಂದರೆ ಊರಿಗೊಬ್ಬ ತಿಳಿದವನು ಎಂಬ ತತ್ತ್ವ ಹೆಳವರದೇ ತತ್ತ್ವ. 1998ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ, ಫಿಬಿಸ್ ಎಂದು ಕರೆಯಲಾಗುವ ಬ್ರಿಟಿಷ್ ಇಂಡಿಯಾ ಕುಟುಂಬಗಳ ಸಂಘ ಇಂಗ್ಲಿಷ್ ಮತ್ತು ಆಂಗ್ಲೋ-ಇಂಡಿಯನ್ ಮನೆತನಗಳಿಗಾಗಿ ದುಡಿಯುವುದು. ಬೆಳಗಾವಿಯ ದಂಡಿನಲ್ಲಿ ಇದ್ದು ಹೋದವರ ಹುಟ್ಟು, ಮದುವೆ, ಮರಣಗಳನ್ನು ಹುಡುಕುವವರಿಗೆ ಅದರ ಸ್ವಯಂಸೇವಕರು ನಕಲಿಸಿದ ಸೂಚಿಗಳು ಉಚಿತವಾಗಿ ದೊರೆಯುವವು. 2008ರಲ್ಲಿ ಆರಂಭವಾದ ವಿಕಿಟ್ರೀ ಎಲ್ಲರೂ ಕೂಡಿ ಬೆಳೆಸುವ ಒಂದೇ ವಂಶವೃಕ್ಷವನ್ನು ಉದ್ದೇಶಿಸಿದೆ. ಕ್ಯಾಂಬೆಲ್ಲನ ಸಂಪಾದಕತ್ವದಲ್ಲಿ 1884ರಲ್ಲಿ ಅಚ್ಚಾದ ಬೆಳಗಾವಿ ಗ್ಯಾಜೆಟಿಯರ್, ಇಂಟರ್ನೆಟ್ ಆರ್ಕೈವಿನಲ್ಲಿ ಯಾರಿಗಾದರೂ ಸಿಗುವುದು. ವಂಶವನ್ನು ಅದು ಹೇಳದಿದ್ದರೂ ಪೂರ್ವಜ ಬಾಳಿದ ಊರು, ಸಂತೆ, ಬರಗಾಲ, ಬೆಳೆಗಳನ್ನು ಹೇಳುವುದು. 1876ರಿಂದ 78ರ ವರೆಗಿನ ಮಹಾಕ್ಷಾಮದ ವೃತ್ತಾಂತವನ್ನು ಅಲ್ಲಿ ಓದಿದವನಿಗೆ, ತನ್ನ ಮನೆತನ ಊರು ಬಿಟ್ಟು ನದಿದಡಕ್ಕೆ ಬಂದುದೇಕೆಂಬ ಹೆಳವನ ಮಾತಿನ ಅರ್ಥ ಥಟ್ಟನೆ ಹೊಳೆಯುವುದು.

ಗಡಿಯಾಚೆಯ ಬಂಧುಗಳುಳ್ಳವರಿಗೆ ಇನ್ನೊಂದು ದಾರಿ ಈಚೆಗೆ ತೆರೆದಿದೆ. ಮರಾಠಾ ಮೀಸಲಾತಿಯ ಚಳವಳಿಯ ಕಾಲದಲ್ಲಿ ಕುಣಬಿ ಎಂದು ನಮೂದಾದ ಹಳೆಯ ದಾಖಲೆಗಳನ್ನು ಶೋಧಿಸಲು ಮಹಾರಾಷ್ಟ್ರ ಸರ್ಕಾರ 2023ರಲ್ಲಿ ನ್ಯಾಯಮೂರ್ತಿ ಸಂದೀಪ ಶಿಂದೆಯವರ ಸಮಿತಿಯನ್ನು ನೇಮಿಸಿತು. ಮೋಡಿ ಬಲ್ಲವರನ್ನು ಕರೆಯಿಸಿ ಓದಿಸಿದ ಜನನಮರಣ, ಶಾಲೆ, ಕಂದಾಯ ಪುಸ್ತಕಗಳ ಪುಟಗಳು ಜಿಲ್ಲಾ ಜಾಲತಾಣಗಳಲ್ಲಿ ಪ್ರಕಟವಾದವು. ಜಾತಿಯ ಪ್ರಮಾಣಪತ್ರಕ್ಕಾಗಿ ಮಾಡಿದ ಕೆಲಸ ವಂಶಾನ್ವೇಷಣೆಗೂ ಒದಗಿ ಬಂತು.

ಹುಡುಕುವವನು ಕಾಗುಣಿತದಲ್ಲಿ ಉದಾರನಾಗಿರಬೇಕು. ಚಿಕೋಡಿ, ಚಿಕ್ಕೋಡಿ, ನಿಪಾಣಿ, ನಿಪ್ಪಾಣಿ, ರಾಯಬಾಗ, ರಾಯಭಾಗ, ಅಥನಿ, ಅಥಣಿ ಎಲ್ಲವೂ ದಾಖಲೆಗಳಲ್ಲಿ ಬಂದಿವೆ. ಅಡ್ಡಹೆಸರು ಇನ್ನೂ ಚಂಚಲ: ಊರು ಬಿಟ್ಟು ಬಂದವನಿಗೆ ಹೊಸ ಊರಿನವರು ಹಳೆಯ ಊರಿನ ಹೆಸರನ್ನೇ ‘ಕರ’ ಹಚ್ಚಿ ಅಡ್ಡಹೆಸರಾಗಿ ಕೊಟ್ಟಿರುವರು, ಉಳಿದ ಅಣ್ಣತಮ್ಮಂದಿರು ಹಳೆಯ ಹೆಸರಿನಲ್ಲಿಯೇ ಇರುವರು. ಒಂದೇ ಬೆಡಗಿನ ಭಾವಬಂದರು ಮೂರು ಅಡ್ಡಹೆಸರುಗಳಲ್ಲಿ ಹಂಚಿಹೋದಾಗ, ಅವರನ್ನು ಬೆಸೆಯುವ ಎಳೆ ಅಡ್ಡಹೆಸರಲ್ಲ, ಬೆಡಗು ಮತ್ತು ಮನೆದೇವರು. ಜಾಲದ ಹುಡುಕುಪೆಟ್ಟಿಗೆಯಲ್ಲಿ ಬೆಡಗಿಗೆ ಅಂಕಣವಿಲ್ಲ. ಸ್ವಯಂಸೇವಕನು ಅದನ್ನು ಟಿಪ್ಪಣಿಯಲ್ಲಿ ಬರೆದಿಡುವುದು ಅತ್ಯವಶ್ಯ.

ಭೂಮಿಯ ಮೇಲಿನ ಕುರುಹುಗಳನ್ನೂ ಮರೆಯುವಂತಿಲ್ಲ. ಲಿಂಗಾಯತರಲ್ಲಿ ಶವವನ್ನು ಹೂಳುವ ಪದ್ಧತಿಯಿರುವುದರಿಂದ ಹೊಲದ ಬದುವಿನಲ್ಲಿ ಹಿರಿಯರ ಸಮಾಧಿಗಳು ಉಳಿದಿವೆ. ಕೆಲವುಗಳ ಮೇಲೆ ಹೆಸರು, ದಿನ ಕೆತ್ತಿರುವುದುಂಟು, ಕೆಲವುಗಳಲ್ಲಿ ಸುಣ್ಣದ ಪದರದ ಕೆಳಗೆ ಅಕ್ಷರ ಅಡಗಿರುವುದುಂಟು. 1995ರಲ್ಲಿ ಆರಂಭವಾದ ಫೈಂಡ್ ಎ ಗ್ರೇವ್‌ನಂತಹ ತಾಣಗಳಿಗೆ ಇವುಗಳ ಚಿತ್ರವನ್ನು ಯಾರಾದರೂ ಉಚಿತವಾಗಿ ಸೇರಿಸಬಹುದು. ಈ ಕೆಲಸಕ್ಕೆ ಅವಸರವುಂಟು. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಅವಳ ಉಪನದಿಗಳೂ ಉಕ್ಕಿ ದಡದ ಹಳ್ಳಿಗಳನ್ನು ಮುಳುಗಿಸಿದಾಗ, ಮನೆಯ ಪೆಟ್ಟಿಗೆಗಳಲ್ಲಿದ್ದ ಹಳೆಯ ಕಾಗದಗಳೂ ನೀರುಪಾಲಾದವು; ಒಣಗಿಸಲೆಂದು ಮಾಳಿಗೆಯ ಮೇಲೆ ಹರವಿದ ಹಾಳೆಗಳಲ್ಲಿ ಮಸಿ ಕರಗಿ ನೀಲಿಯ ಕಲೆಯೊಂದೇ ಉಳಿದುದನ್ನು ಕಂಡವರಿಗೆ, ಒಂದು ಚಿತ್ರ ತೆಗೆದಿಟ್ಟಿದ್ದರೆ ಸಾಕಿತ್ತೆಂಬ ಸಂಕಟ ಬಹುಕಾಲ ಬಿಡುವುದಿಲ್ಲ.

ಬದುಕಿರುವವರ ವಿವರವನ್ನು ಬಹಿರಂಗಪಡಿಸಬಾರದೆಂಬುದು ಈ ಭಂಡಾರಗಳ ಸಾಮಾನ್ಯ ನಿಯಮ. ಫ್ಯಾಮಿಲಿಸರ್ಚಿನ ವೃಕ್ಷದಲ್ಲಿ ಬದುಕಿರುವವರ ಪುಟ ಅದನ್ನು ಸೇರಿಸಿದವನಿಗಲ್ಲದೆ ಇತರರಿಗೆ ಸಾಮಾನ್ಯವಾಗಿ ಕಾಣದು. ದತ್ತಕ, ಎರಡನೆಯ ಮದುವೆ, ಉಡಿಕೆಯೆಂಬ ವಿಧವೆಯ ಮರುಮದುವೆ, ಜಗಳದ ಪಾಲು ಮೊದಲಾದ ಸಂಗತಿಗಳಲ್ಲಿ ಹೆಳವನಿಗೂ ಇಂತಹದೇ ಸಂಯಮವುಂಟು. ಪುಸ್ತಕದಲ್ಲಿದ್ದರೂ ಅಂಗಳದಲ್ಲಿ ನಾಲ್ವರ ಮುಂದೆ ಅವನು ಅದನ್ನು ಓದನು.

ಈ ಎಲ್ಲ ಆಧಾರಗಳಲ್ಲಿಯೂ ಸಮಾನವಾದ ಒಂದು ಕೊರತೆಯೆಂದರೆ ಹೆಣ್ಣುಮಕ್ಕಳದು. ಹೆಳವನ ಪುಸ್ತಕ ಗಂಡುಸಂತಾನದ ಎಳೆಯನ್ನೇ ಹಿಡಿದು ನಡೆಯುವುದು. ವಾರಸಾ ಕಾಗದ ಸೊಸೆಯನ್ನು ‘ಕೋಂ’ ಎಂದು ಗಂಡನ ಹೆಸರಿಗೆ ಕಟ್ಟಿ ಅವಳ ತವರನ್ನು ಬಿಟ್ಟುಬಿಡುವುದು. ಮದುವೆಯಾದೊಡನೆ ಅತ್ತೆಮನೆಯಲ್ಲಿ ಹೆಸರು ಬದಲಿಸುವ ರೂಢಿ ಕೆಲವು ಮನೆತನಗಳಲ್ಲಿದ್ದುದರಿಂದ, ಒಬ್ಬಳೇ ಹೆಂಗಸು ಎರಡು ದಾಖಲೆಗಳಲ್ಲಿ ಎರಡು ಹೆಸರಿನವಳಾಗಿ ನಿಲ್ಲುವಳು. ಜಾಲದ ಕೂಡುವೃಕ್ಷದಲ್ಲಿ ಅವಳಿಗೆ ಸ್ವಂತ ಪುಟವುಂಟು, ತಂದೆತಾಯಿಗಳ ಸ್ಥಾನವೂ ಉಂಟು, ತುಂಬುವವರು ಬೇಕು. ಅದನ್ನು ತುಂಬಬಲ್ಲವಳು ಹೆಚ್ಚಾಗಿ ಮನೆಯ ಅಜ್ಜಿ. ಅಥಣಿಯ ಮಗಳನ್ನು ಮಿರಜಿಗೆ ಕೊಟ್ಟುದು, ಕಾಗವಾಡಕ್ಕೆ ಜತ್ತದಿಂದ ಸೊಸೆ ತಂದುದು, ನಿಪ್ಪಾಣಿಯವರು ಕಾಗಲದ ಬೀಗರಾದುದು ಅವಳಿಗೆ ಬಾಯಲ್ಲಿಯೇ ಇರುವುದು. ಯಾವ ಮನೆ, ಯಾವ ಓಣಿ, ಸೋದರಮಾವನ ಹೆಸರೇನು ಎಂಬುದನ್ನು ಅವಳು ಹೇಳುತ್ತಿದ್ದಂತೆ ಮೊಮ್ಮಗನೋ ಮೊಮ್ಮಗಳೋ ತವರಿನ ಅಂಕಣವನ್ನು ತುಂಬಿದಾಗ, ಕೃಷ್ಣೆಯ ಆಚೆದಡದಲ್ಲಿ ಇನ್ನಾರೋ ಬೆಳೆಸುತ್ತಿದ್ದ ಬೇರೊಂದು ವೃಕ್ಷದ ಕೊಂಬೆ ಬಂದು ಇದಕ್ಕೆ ಕೂಡಿಕೊಳ್ಳುವುದು.